ನಿಲ್ಲಿಸಿಬಂದ ವಿಳಾಸ

ಚಿಗುಸಾಳ ಕಾರು ಕಡಲದಂಡೆಯ ತಿರುವಿನಲ್ಲಿ ನೀರಿಗುರುಳಿತೆಂದು ಪೊಲೀಸರು ತಿಳಿಸಿದ ದಿನ, ಅವಳ ತಾಯಿ ಹಿಸಾನೊ ಬದನೆಕಾಯಿಗೆ ಉಪ್ಪು ಸವರುತ್ತಿದ್ದಳು. ಕೈ ತೊಳೆಯದೆಯೇ ಆಸ್ಪತ್ರೆಗೆ ಓಡಿದಳು. ಮಗಳ ಮುಖ ನಿದ್ದೆಹೋದಂತಿತ್ತು. ಫೋನು ಸಮುದ್ರದ ಪಾಲಾಗಿತ್ತು.

ಸತ್ತವರಿಂದ ಯಾರಿಗೂ ತೊಡಕಾಗಬಾರದು. ಸಕಾತ ಎಂಬ ಆ ಬಂದರೂರಿನ ಹಳೆಯ ಮನೆತನಗಳಲ್ಲಿ ಅದೇ ಮರ್ಯಾದೆ. ದಹನವಾದ ಮರುದಿನವೇ ಹಿಸಾನೊ ಮಗಳ ಬಾಡಿಗೆ ಕೋಣೆಯನ್ನು ಗುಡಿಸಿ, ನೆರೆಯವರಿಗೆ ತಲೆಬಾಗಿ, ನೀರು, ಗ್ಯಾಸು, ಇಂಟರ್‌ನೆಟ್ ಎಲ್ಲವನ್ನೂ ನಿಲ್ಲಿಸಿಬಂದಳು. ನೆಂಟರು ಮೆಚ್ಚಿದರು.

ಮಗಳ ಮಾತು ನೆನಪಾದದ್ದು ಆಮೇಲೆ. "ಅಮ್ಮಾ, ಒಬ್ರಿದ್ದಾರೆ. ಹಡಗಿನ ಕೆಲಸ. ಬಾನ್ ಹಬ್ಬಕ್ಕೆ ಕರ್ಕೊಂಡ್ ಬರ್ತೀನಿ. ಹೆಸರು ಆಗ್ಲೇ ಹೇಳೋದು, ಈಗ ಹೇಳಿದ್ರೆ ನೀನು ಊರಿಗೆಲ್ಲ ಹಂಚ್ತೀಯ!"

ಆತನಿಗೆ ಸುದ್ದಿ ಮುಟ್ಟಿಸುವವರು ಯಾರು? ಸತ್ತ ನಲವತ್ತೊಂಬತ್ತನೆಯ ದಿನ ಅಸ್ಥಿ ಸಮಾಧಿ ಸೇರುತ್ತದೆ. ಅದಕ್ಕೆ ಮುಂಚೆ ಆತ ಬಂದು ಒಂದು ಊದುಬತ್ತಿ ಹಚ್ಚದಿದ್ದರೆ ಹೇಗೆ?

ಹಿಸಾನೊಳ ತಮ್ಮ ಕಿಯೋತಕ ಚಿಗುಸಾಳ ಕಂಪ್ಯೂಟರ್ ತೆರೆದು ಕುಳಿತ. ಅವಳಿಗೆ ಎರಡು ಮೇಲ್ ವಿಳಾಸಗಳಿದ್ದವು. ಇಂಟರ್‌ನೆಟ್ ಕಂಪನಿ ಕೊಟ್ಟದ್ದರಲ್ಲಿ ಬ್ಯಾಂಕು, ಕಚೇರಿ, ಅಮ್ಮ. ಇನ್ನೊಂದು ಬಿಟ್ಟಿಯಾಗಿ ಸಿಗುವಂಥದ್ದು; ಅದರಲ್ಲಿ ಅವಳ ಸ್ವಂತ ಲೋಕ. ಕಂಪನಿಯ ಮೇಲ್‌ನ ಹಳೆಯ ಪತ್ರಗಳೆಲ್ಲ ಕಂಪ್ಯೂಟರಿನಲ್ಲೇ ಇದ್ದವು, ಹಡಗಿನವನ ಸುಳಿವಿರಲಿಲ್ಲ. ಬಿಟ್ಟಿ ಮೇಲ್ ಗುಪ್ತಪದ ಕೇಳಿತು. ಮರೆತಿದ್ದರೆ ಹೊಸದನ್ನು ಇನ್ನೊಂದು ವಿಳಾಸಕ್ಕೆ ಕಳಿಸುವೆನೆಂದಿತು.

"ಇನ್ನೊಂದು ಅಂದ್ರೆ ಕಂಪನೀದು. ಇಂಟರ್‌ನೆಟ್ ಜೊತೆ ಅದನ್ನೂ ನೀನು ನಿಲ್ಸಿ ಬಂದಿದ್ದೀಯಲ್ಲ, ಅಕ್ಕಾ!" ಕಿಯೋತಕನಿಗೆ ರೇಗಿತು. "ಒಂದು ವಾರ ತಡೀಬಾರ್ದಾಗಿತ್ತಾ? ಯಮನ ಮನೆ ಅಂಗಳಾನೂ ಗುಡಿಸಿ ಬರೋಳು ನೀನು!"

"ಹೌದಪ್ಪಾ, ನನ್ನ ಕೈಗೇ ಹುಳ ಬೀಳ್ಲಿ. ಅದನ್ನ ಮತ್ತೆ ಶುರು ಮಾಡ್ಸು."

ಇಂಟರ್‌ನೆಟ್ ಕಂಪನಿಯ ಹುಡುಗಿ ಫೋನಿನಲ್ಲಿ ಬಹಳ ವಿನಯದಿಂದ ಮಾತಾಡಿದಳು. "ಒಮ್ಮೆ ಅಳಿಸಿದ ವಿಳಾಸ ಮತ್ತೆ ಬರಲ್ಲ, ಅಮ್ಮ. ದಯವಿಟ್ಟು ಕ್ಷಮಿಸಿ."

"ನನ್ನ ಮಗಳದು ಕಣಮ್ಮಾ ಅದು," ಎಂದಳು ಹಿಸಾನೊ. ಹುಡುಗಿ ಮತ್ತೊಮ್ಮೆ ಕ್ಷಮೆ ಕೇಳಿ ಫೋನಿಟ್ಟಳು.

ಬಿಟ್ಟಿ ಮೇಲ್‌ನವರಿಗೆ ಮರಣದ ಪ್ರಮಾಣಪತ್ರ ಕಳಿಸಿದರು; ಉತ್ತರ ಬರಲಿಲ್ಲ. ಹಿಸಾನೊ ಬಂದರಿಗೆ ಹೋಗಿ ಹಡಗಿನ ಕಚೇರಿಗಳಲ್ಲೆಲ್ಲ ಮಗಳ ಚಿತ್ರ ತೋರಿಸಿದಳು. "ಹೆಸರಿಲ್ಲದ ಮನುಷ್ಯನ್ನ ಎಲ್ಲಿ ಹುಡುಕೋಣ, ಅಜ್ಜಿ?" ಎಂದರು. ಗುಪ್ತಪದವಿರಬಹುದೆಂದು ಮಗಳ ಹುಟ್ಟಿದ ದಿನ, ಸತ್ತ ಬೆಕ್ಕಿನ ಹೆಸರು, ತನ್ನ ಹೆಸರು, ಎಲ್ಲ ಒತ್ತಿ ನೋಡಿದಳು. ಬಾಗಿಲು ತೆರೆಯಲಿಲ್ಲ. ಅದರಾಚೆ ಆತ ದಿನವೂ ಬರೆಯುತ್ತಿರಬಹುದು. ಯಾಕೆ ಮಾತಿಲ್ಲ, ಸಿಟ್ಟೇ, ಎಂದು ಕೇಳುತ್ತಿರಬಹುದು.

ನಲವತ್ತೊಂಬತ್ತನೆಯ ದಿನ ಬಂದೇಬಂತು. ಬೌದ್ಧ ಗುರುಗಳು ಸೂತ್ರ ಪಠಿಸುವಷ್ಟು ಹೊತ್ತೂ ಹಿಸಾನೊಳ ಕಣ್ಣು ದೇಗುಲದ ಬಾಗಿಲಲ್ಲೇ ಇತ್ತು. ಯಾರೂ ಬರಲಿಲ್ಲ. ಅಸ್ಥಿಯ ಕುಡಿಕೆಯನ್ನು ಸಮಾಧಿಯೊಳಗೆ ಇಳಿಸಿ ಕಲ್ಲು ಮುಚ್ಚಿದರು. ಅವಳು ಎರಡು ಊದುಬತ್ತಿ ಹಚ್ಚಿದಳು, ಒಂದು ತನ್ನದು, ಒಂದು ಆತನದು. ಆಮೇಲೆ ಕೈಮುಗಿದಳು.

"ಅಮಿದ ಬುದ್ಧನೇ, ಆತ ಇವಳ ಮೌನವನ್ನು ತಪ್ಪು ತಿಳಿಯದಿರಲಿ. ಅವಸರ ಮಾಡಿದ್ದು ನಾನು, ಅವಳಲ್ಲ. ನನ್ನ ಮಗುವನ್ನು ನಿನ್ನ ಪುಣ್ಯಭೂಮಿಗೆ ಕರೆದುಕೋ. ಅವಳಿಗೆ ಶಾಂತಿ ಕೊಡು."