ಓರಗಿತ್ತಿಯ ಬೋರ್ಡು, ಹಿರಿಸೊಸೆಯ ಹಟ

ಬೇರೆಯವರು ಕೊಂಡದ್ದನ್ನೇ ತಾನೂ ಕೊಳ್ಳಬೇಕೆಂಬ ಹಟ ಯಾರ ಮನೆಗೆ ಬಂದಿಲ್ಲ ಹೇಳಿ? ಬೇಕರಿಯವಳ ಮನೆಗೆ ಅದು ಕೆರೆಯ ಕಡೆಯಿಂದ ಬಂತು.

ಬೇಕರಿಯವಳು ಹಿರಿಸೊಸೆ. ಹಿಟ್ಟು ನಾದಿ, ತಟ್ಟೆ ಎತ್ತಿಳಿಸಿ ತೋಳು ಗಟ್ಟಿಯಾಗಿತ್ತು, ಮೈಯೂ ತುಂಬಿತ್ತು. ಕಿರಿಸೊಸೆ ಶಾಲೆಯಲ್ಲಿ ಆಟದ ಟೀಚರ್, ಕಡ್ಡಿಯಂಥ ಮೈ. ಸಂಜೆಯಾದರೆ ಅವಳು ಉದ್ದನೆಯ ಪ್ಯಾಡಲ್ ಬೋರ್ಡನ್ನು ಕೆರೆಗಿಳಿಸಿ, ಅದರ ಮೇಲೆ ನೆಟ್ಟಗೆ ನಿಂತು, ಹುಟ್ಟು ಹಾಕುತ್ತ ಹೋಗಿಬಿಡುತ್ತಿದ್ದಳು. ದಂಡೆಯ ಬೆಂಚಿನಲ್ಲಿ ಕೂತ ಅತ್ತೆ ಕಣ್ಣು ಕೀಳದೆ ನೋಡುತ್ತಿದ್ದರು.

"ನೋಡೇ, ಹೇಗೆ ಹೋಗ್ತಾಳೆ! ನನ್ನ ಮಂಡಿ ಸರಿ ಇದ್ದಿದ್ರೆ ನಾನೂ ನಿಲ್ತಿದ್ದೆ. ಕೂರಿಸ್ಕೊಂಡಾದ್ರೂ ಹೋಗು ಅಂದ್ರೆ ಆಗಲ್ಲ ಅಂತಾಳೆ."

ಹದಿನಾಲ್ಕು ವರ್ಷದಿಂದ ಆ ಮಂಡಿಗೆ ಎಣ್ಣೆ ತಿಕ್ಕುತ್ತಿರುವವಳು ತಾನು. ಬಾಯ್ತುಂಬ ಹೊಗಳಿಸಿಕೊಳ್ಳುವವಳು ಅವಳು! ಬೇಕರಿಯವಳ ಹೊಟ್ಟೆಯಲ್ಲಿ ಉರಿ ಎದ್ದಿತು. ತುತ್ತು ಬಾಯಿಗಿಟ್ಟರೂ ಕಣ್ಣೆದುರು ಓರಗಿತ್ತಿಯ ನೆಟ್ಟನೆ ಬೆನ್ನು.

ಮರುದಿನವೇ ಕೆರೆಯ ಬದಿಯ ಅಂಗಡಿಗೆ ಹೋದಳು. ದೋಣಿ ರಿಪೇರಿ ಮಾಡುತ್ತ, ಬೋರ್ಡುಗಳನ್ನೂ ಮಾರುತ್ತಿದ್ದ ಆ ಅಂಗಡಿಯವಳನ್ನು ಎಲ್ಲರೂ 'ರಿಪೇರಿ ಅಕ್ಕ' ಎನ್ನುತ್ತಿದ್ದರು.

"ನನ್ನ ಓರಗಿತ್ತಿಗೆ ಕೊಟ್ಟಿದ್ದೀಯಲ್ಲ, ಅಂಥದ್ದೇ ಕೊಡು. ಅದಕ್ಕಿಂತ ಒಂದು ಗೇಣು ಉದ್ದ ಇದ್ರೆ ಇನ್ನೂ ಒಳ್ಳೇದು."

"ಅದು ರೇಸಿಗೆ ಮಾಡಿದ್ದು ಕಣಮ್ಮ. ಅಗಲ ಇಪ್ಪತ್ತಾರೇ ಇಂಚು. ನೀನು ಯಾವತ್ತಾದ್ರೂ ಬೋರ್ಡಿನ ಮೇಲೆ ನಿಂತಿದ್ದೀಯಾ?"

"ಒಲೆ ಮುಂದೆ ದಿನಾ ಹತ್ತು ಗಂಟೆ ನಿಂತಿರ್ತೀನಿ."

"ನೆಲ ಅಲ್ಲಾಡಲ್ಲ ತಾಯಿ, ಇದು ಅಲ್ಲಾಡತ್ತೆ. ನಿನ್ನ ತೂಕ ಎಷ್ಟು?"

ಆ ಪ್ರಶ್ನೆ ಕೇಳಿದ್ದೇ ತಪ್ಪಾಯಿತು. ಬೇಕರಿಯವಳ ಮುಖ ಕೆಂಪಾಯಿತು. 'ನನ್ನನ್ನು ಆಡಿಕೊಳ್ಳಲು ಅವಳೇ ಹೇಳಿಕೊಟ್ಟಿರಬೇಕು' ಎಂದುಕೊಂಡಳು. ಮಾತು ಬೆಳೆಸದೆ ರೇಸ್ ಬೋರ್ಡನ್ನೇ ಹೊರಿಸಿಕೊಂಡು ಬಂದಳು.

ಭಾನುವಾರ ಗಾಳಿ ದಂಡೆಯಿಂದ ಕೆರೆಯೊಳಕ್ಕೆ ಬೀಸುತ್ತಿತ್ತು. "ಬನ್ನಿ ಅತ್ತೆ, ನಾನು ಕರ್ಕೊಂಡು ಹೋಗ್ತೀನಿ. ಆಗಲ್ಲ ಅಂದವರು ನೋಡ್ಲಿ," ಎಂದು ಅತ್ತೆಯನ್ನು ಮುಂದೆ ಕೂರಿಸಿದಳು. ರಿಪೇರಿ ಅಕ್ಕ ಓಡಿಬಂದು, ಬೈಯುತ್ತಲೇ ಇಬ್ಬರಿಗೂ ಲೈಫ್ ಜಾಕೆಟ್ ತೊಡಿಸಿದಳು.

"ಅತ್ತೇನ ಇಳಿಸು, ಇದು ಇಬ್ಬರಿಗಲ್ಲ. ಹೋಗೋದೇ ಆದ್ರೆ ಬೋರ್ಡಿನ ಈ ಹಗ್ಗಾನಾದ್ರೂ ಕಾಲಿಗೆ ಕಟ್ಕೋ, ಬಿದ್ರೆ ಬೋರ್ಡು ದೂರ ಹೋಗಲ್ಲ."

"ನಾನೇನು ಕರುನಾ, ಕಟ್ಟಿಹಾಕೋಕೆ?"

ಮೂವತ್ತು ಮಾರು ಹೇಗೋ ಹೋದಳು. ಓರಗಿತ್ತಿ ನೋಡುತ್ತಿದ್ದಾಳೋ ಇಲ್ಲವೋ ಎಂದು ಹಿಂದಕ್ಕೆ ತಿರುಗಿದಳು ನೋಡಿ, ಬೋರ್ಡು ಕಾಲಡಿಯಿಂದ ಜಾರಿತು. ದೊಪ್ಪೆಂದು ನೀರಿಗೆ ಬಿದ್ದು ಮೇಲೆದ್ದಾಗ ಬೋರ್ಡು ದೂರ ಹೋಗಿತ್ತು. ಅದರ ಮೇಲೆ ಅತ್ತೆ ಎರಡೂ ಅಂಚು ಹಿಡಿದು ಕೂತಿದ್ದರು. ಕೈಯಲ್ಲಿ ಹುಟ್ಟು ಇರಲಿಲ್ಲ. ಗಾಳಿ ಅವರನ್ನು ಕೆರೆಯ ನಡುವಿಗೆ ನೂಕುತ್ತಿತ್ತು.

"ಅತ್ತೇ!"

ದಂಡೆಯಿಂದ ಕಿರಿಸೊಸೆ ತನ್ನ ಬೋರ್ಡನ್ನು ನೀರಿಗೆ ನೂಕಿ, ಹಗ್ಗವನ್ನು ಕಾಲಿಗೆ ಬಿಗಿದು, ಮಂಡಿಯೂರಿ ಹುಟ್ಟು ಹಾಕತೊಡಗಿದಳು. ತೇಲುತ್ತಿದ್ದ ಬೇಕರಿಯವಳಿಗೆ ಆಗಲೂ ಮೊದಲು ಹೊಳೆದದ್ದು, 'ಇದಕ್ಕೂ ಇವಳೇ ಬೇಕಾಯಿತೇ' ಎಂದು. ಮರುಕ್ಷಣ ಅತ್ತೆಯ ಬೆಳ್ಳನೆಯ ತಲೆ ಚುಕ್ಕೆಯಷ್ಟಾಗಿ ಕಂಡಿತು. "ಬೇಗ ಹೋಗೇ! ನಿನ್ನ ಕಾಲಿಗೆ ಬೀಳ್ತೀನಿ, ಬೇಗ ಹೋಗು!" ಎಂದು ಕೂಗಿಕೊಂಡಳು.

ರಿಪೇರಿ ಅಕ್ಕ ದೋಣಿಯಲ್ಲಿ ಬಂದು ಬೇಕರಿಯವಳನ್ನು ಎಳೆದುಕೊಂಡಳು. ಕಿರಿಸೊಸೆ ಅತ್ತೆಯ ಬೋರ್ಡನ್ನು ತನ್ನದರ ಹಿಂದೆ ಕಟ್ಟಿಕೊಂಡು ತಂದಳು. ದಂಡೆ ಮುಟ್ಟಿದರೂ ಅತ್ತೆ ಬೋರ್ಡಿನ ಅಂಚು ಬಿಡಲಿಲ್ಲ.

"ಅಕ್ಕ, ಇದರ ಮೇಲೆ ನಿಲ್ಲೋಕೆ ನನಗೆ ಮೂರು ತಿಂಗಳು ಹಿಡೀತು," ಎಂದಳು ಕಿರಿಸೊಸೆ ಓರಗಿತ್ತಿಗೆ. "ಅತ್ತೇನ ಕೂರಿಸ್ಕೊಳ್ಳಲ್ಲ ಅಂದಿದ್ದು ಭಯಕ್ಕೆ."

"ನಿನ್ನ ಕಂಡ್ರೆ ನನಗೆ ಹೊಟ್ಟೆಕಿಚ್ಚು ಕಣೇ. ಅದಕ್ಕೇ ಯಾರ ಮಾತೂ ಕೇಳ್ಲಿಲ್ಲ."

ಕಿರಿಸೊಸೆ ಓರಗಿತ್ತಿಯ ಜಡೆಯಿಂದ ನೀರು ಹಿಂಡಿ, ಟವೆಲ್ ಹೊದಿಸಿದಳು.

ಮರುದಿನ ಬೇಕರಿಯವಳು ಗಂಡನನ್ನೂ ಕರೆದುಕೊಂಡು ಅಂಗಡಿಗೆ ಹೋದಳು. "ನಾನು ಎಂಬತ್ತೊಂದು ಕಿಲೋ. ಅತ್ತೆ ಐವತ್ತು," ಎಂದು ತಾನೇ ಹೇಳಿದಳು.

ರಿಪೇರಿ ಅಕ್ಕ ರೇಸ್ ಬೋರ್ಡನ್ನು ವಾಪಸು ತೆಗೆದುಕೊಂಡು, ಹನ್ನೊಂದು ಅಡಿ ಉದ್ದದ, ಮೂವತ್ತನಾಲ್ಕು ಇಂಚು ಅಗಲದ, ಮಡಚಿಟ್ಟಿದ್ದ ಬೋರ್ಡೊಂದನ್ನು ಬಿಡಿಸಿಟ್ಟಳು.

ಗಂಡ ಮೂಗೆಳೆದ. "ಗಾಳಿ ತುಂಬೋದಾ? ಪಂಕ್ಚರ್ ಆದ್ರೆ ಏನು ಗತಿ?"

"ದಪ್ಪ ಬಟ್ಟೆ ಅಣ್ಣ, ಸುಮ್ಮಸುಮ್ಮನೆ ಹರಿಯಲ್ಲ. ಬೋರ್ಡಿನ ಮೇಲೆ ಬರೆದಷ್ಟು ಒತ್ತಡಕ್ಕೆ ಪಂಪ್ ಹೊಡೀರಿ, ಆಮೇಲೆ ಹತ್ತಿ ನಿಲ್ಲಿ." ಪಂಪ್ ಹೊಡೆದು ಹೊಡೆದು ಗಂಡನಿಗೆ ಬೆವರಿಳಿಯಿತು. ಹತ್ತಿ ನಿಂತರೆ ಬೋರ್ಡು ಹಲಗೆಯಂತೆ ಗಟ್ಟಿ! ರಿಪೇರಿ ಅಕ್ಕ ಬೇಕರಿಯವಳ ಕಡೆ ತಿರುಗಿದಳು. "ಉದ್ದ ಇದ್ದು ಅಗಲ ಕಮ್ಮಿ ಇದ್ರೆ ಓಟ ಜಾಸ್ತಿ, ಅಲುಗಾಟಾನೂ ಜಾಸ್ತಿ. ಅಗಲ ಇದ್ರೆ ನಿಲ್ಲೋದು ಸುಲಭ. ಇದು ನೂರ ಎಂಬತ್ತು ಕಿಲೋ ತಡೆಯತ್ತೆ. ನೀನೂ ಅತ್ತೆಯೂ ಸೇರಿ ನೂರ ಮೂವತ್ತೊಂದು. ಮಡಚಿ ಅಟ್ಟದಲ್ಲೂ ಇಡಬಹುದು. ಆದ್ರೆ ಮೊದಲು ಒಬ್ಬಳೇ ಕಲಿ, ಆಮೇಲೆ ಅತ್ತೆ."

ಕಲಿಸಿದವಳು ಓರಗಿತ್ತಿಯೇ. ಮೊದಲು ಮಂಡಿಯೂರಿ, ಆಮೇಲೆ ನಿಂತು. ಆರು ವಾರ ಕಳೆದ ಮೇಲೆ ಗಾಳಿಯಿಲ್ಲದ ಒಂದು ಬೆಳಿಗ್ಗೆ ಅತ್ತೆ ಧೈರ್ಯ ಮಾಡಿ ಕೂತರು.

"ಅವಳಷ್ಟು ಜೋರಾಗಿ ಹೋಗಲ್ವಲ್ಲೇ ನೀನು?"

ಬೇಕರಿಯವಳ ಎದೆ ಚುರುಕ್ ಎಂದಿತು. ಆದರೂ ಹುಟ್ಟಿನ ಲಯ ತಪ್ಪಲಿಲ್ಲ. "ಇಲ್ಲ ಅತ್ತೆ. ಇದು ನಿಧಾನಕ್ಕೇ ಹೋಗೋದು."

"ಹಂಗೇ ಹೋಗು. ನನಗೆ ಇನ್ನೊಂದು ಸುತ್ತು ಬೇಕು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ಬೋರ್ಡು ಕೊಳ್ಳುವವರಿದ್ದೀರಾ? ಪಕ್ಕದವರ ಬೋರ್ಡಿನ ಮೇಲಿಂದ ಕಣ್ಣು ತೆಗೆದು, ತೂಕದ ಯಂತ್ರದ ಮೇಲೆ ನಿಲ್ಲಿ. ಜೊತೆಗೆ ಯಾರು ಬರುತ್ತಾರೆ, ಮನೆಯಲ್ಲಿ ಎಲ್ಲಿ ಇಡುತ್ತೀರಿ ಎಂದು ಅಂಗಡಿಯವರಿಗೆ ಹೇಳಿ. ಹೊಸಬರಾದರೆ ಅಗಲವಾದದ್ದನ್ನೇ ಕೇಳಿ. ಲೈಫ್ ಜಾಕೆಟ್ ತೊಡಿ, ಕೆರೆಯಲ್ಲಿ ಬೋರ್ಡಿನ ಹಗ್ಗ ಕಾಲಿಗಿರಲಿ. ಹರಿಯುವ ಹೊಳೆಯಲ್ಲಿ ಕಾಲಿನ ಹಗ್ಗ ಕೊಂಬೆಗೆ ಸಿಕ್ಕಿಕೊಂಡೀತು, ಅಲ್ಲಿ ಥಟ್ಟನೆ ಬಿಚ್ಚಬಹುದಾದ ಸೊಂಟದ ಹಗ್ಗವನ್ನೇ ಕೇಳಿ ಪಡೆಯಿರಿ. ಗಾಳಿ ದಂಡೆಯಿಂದ ಒಳಕ್ಕೆ ಬೀಸುತ್ತಿದ್ದರೆ ಅಂದು ನೀರಿಗಿಳಿಯಬೇಡಿ. ಹೊಟ್ಟೆಕಿಚ್ಚು ಯಾರಿಗಾದರೂ ಬರುತ್ತದೆ, ಬರಲಿ. ಅದರ ಕೈಗೆ ಹುಟ್ಟು ಮಾತ್ರ ಕೊಡಬೇಡಿ.