ನವಮಿಯ ಎರಡನೇ ಸೀರೆ

ಗೋದಾಬಾಯಿ ಸ್ವೀಡನ್ ದೇಶದ ಸಿನಿಮಾ ನೋಡಿದ್ದು ನಲಿನಿಯ ಗೆಳತಿಗೆ ಜ್ವರ ಬಂದದ್ದರಿಂದ. ಫಿಲ್ಮ್ ಸೊಸೈಟಿಯ ಎರಡು ಪಾಸುಗಳಿದ್ದವು. ಒಂದು ದಂಡವಾಗುವುದನ್ನು ನಲಿನಿಯ ಈ ವಿಧವೆ ಸೋದರತ್ತೆ ಸಹಿಸುವವಳಲ್ಲ.

“ಖೂನಿ ಕಥಿ ಅದ ಅತ್ಯಾ, ರಾಮಾಯಣ ಅಲ್ಲ.”

“ರಾಮಾಯಣದಾಗ ಖೂನಿ ಕಡಿಮಿ ಅವ ಏನು?” ಎನ್ನುತ್ತ ಅತ್ತೆ ಸೀರೆ ಬದಲಿಸಿಯೇಬಿಟ್ಟಳು.

ನಾಂಪಲ್ಲಿ ಸ್ಟೇಷನ್ನಿನ ಹತ್ತಿರದ ಚಿತ್ರಮಂದಿರ, ಭಾನುವಾರ ಬೆಳಗಿನ ಆಟ. ಪರದೆಯ ಮೇಲೆ ಬರೀ ಹಿಮ, ಸರೋವರ, ಒಂದು ಮನೆ. ಮನೆಯ ಸೊಸೆ ಎಂದೋ ನೀರಿಗೆ ಬಿದ್ದು ಸತ್ತಿದ್ದಾಳೆ. ಅವಳ ನಾದಿನಿ ವರ್ಷಕ್ಕೊಮ್ಮೆ ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚುತ್ತಾಳೆ. ಮುದುಕ ಪೊಲೀಸನೊಬ್ಬ ಬಂದು ಹಳೆಯದನ್ನು ಕೆದಕುತ್ತಾನೆ. ನಲಿನಿ ಕೆಳಗಿನ ಇಂಗ್ಲಿಷ್ ಸಾಲುಗಳನ್ನು ಪಿಸುಮಾತಿನಲ್ಲಿ ಕನ್ನಡಕ್ಕೆ ತರುತ್ತಿದ್ದಳು. ಹತ್ತು ನಿಮಿಷಕ್ಕೆ ಅತ್ತೆ ಅವಳ ತೊಡೆ ಒತ್ತಿದಳು. “ಸುಮ್ಮನ ಕೂಡು. ತಿಳೀಲಿಕ್ಕತ್ತದ.”

ನಲಿನಿ ಬೆರಗಾಗಿ ಕೂತಳು. ನಮ್ಮ ಸಿನಿಮಾಗಳಲ್ಲಿ ಗುಟ್ಟು ಇದ್ದವನ ತಲೆ ಮೇಲೆ ಸಿಡಿಲು ಹೊಡೆಯಲೇಬೇಕು. ಇಲ್ಲಿ ಆ ನಾದಿನಿ ಒರೆಸಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸಿದಳು, ಅಷ್ಟೇ. ಒಂದು ಮುಖಕ್ಕೆ ಇಷ್ಟು ಶಕ್ತಿ ಇರುತ್ತದೆಂದು ನಲಿನಿ ತಿಳಿದಿರಲಿಲ್ಲ.

“ಆಕಿ ಸತ್ತಿಲ್ಲ,” ಎಂದಳು ಅತ್ತೆ. ಅದನ್ನು ಕಂಡುಹಿಡಿಯಲು ಪೊಲೀಸನಿಗೆ ಇನ್ನೂ ಒಂದು ತಾಸು ಹಿಡಿಯಿತು. ಸಮಾಧಿ ಅಗೆದು ಪೆಟ್ಟಿಗೆ ತೆರೆದರೆ ಒಳಗೆ ಬರೀ ಕಲ್ಲು! ಇಡೀ ಚಿತ್ರಮಂದಿರ ಉಸಿರು ಹಿಡಿಯಿತು. ಅತ್ತೆ ಮಾತ್ರ ಸೆರಗಿನಿಂದ ಕಣ್ಣೊರೆಸುತ್ತಿದ್ದಳು.

ಹೊರಗೆ ಮೆಟ್ಟಿಲ ಮೇಲೆ ನಲಿನಿ ಕೇಳಿದಳು, “ನಿನಗ ಮೊದಲ ಹೆಂಗ ಗೊತ್ತಾತು?”

“ಬತ್ತಿ ಹಚ್ಚೂವಾಗ ಆ ನಾದಿನಿ ಕೈ ನೋಡಲಿಲ್ಲೇನು? ದುಃಖದ್ದಲ್ಲ ಅದು, ಸುಳ್ಳು ಹೇಳೋ ಕೈ. ನನಗ ಗೊತ್ತಿಲ್ಲದ ಕೈ ಏನು?”

ಅಂದವಳು ನಾಲಿಗೆ ಕಚ್ಚಿಕೊಂಡಳು. ಆದರೆ ಮಾತು ಹೊರಗೆ ಬಿದ್ದಾಗಿತ್ತು.

ನಲಿನಿಯ ತಾಯಿ ಯಮುನಾಬಾಯಿ ಮಂತ್ರಾಲಯದಲ್ಲಿ ತುಂಗಭದ್ರೆಯ ಪಾಲಾದಾಗ ಮಗಳಿಗೆ ನಾಲ್ಕು ವರ್ಷ. ಹಾಗೆಂದೇ ಇಪ್ಪತ್ತೊಂದು ವರ್ಷದಿಂದ ಕೇಳಿದ ಕಥೆ. ಗಂಡನಿಗಿಂತ ಮೊದಲು ಹೋದವಳೆಂದು ಪಿತೃಪಕ್ಷದ ಅವಿಧವಾ ನವಮಿಗೆ ಒಬ್ಬ ಮುತ್ತೈದೆಯನ್ನು ಕರೆದು, ಸತ್ತವಳ ಹೆಸರಿನಲ್ಲಿ ಉಣ್ಣಿಸಿ, ಸೀರೆ ಕೊಡುತ್ತಿದ್ದರು. ನಲಿನಿ ಅವಳಿಗೆ ಕುಂಕುಮ ಹಚ್ಚಿ ಕಾಲಿಗೆ ಬೀಳುತ್ತಿದ್ದಳು. ನಲಿನಿಗೆ ನೆನಪಿದ್ದಂತೆ ಅತ್ತೆ ಪ್ರತಿ ಸಲವೂ ಒಂದೇ ತರಹದ ಎರಡು ಸೀರೆ ತರುತ್ತಿದ್ದಳು. ಯಾರೋ ಬಡವರಿಗೆ ಇರಬೇಕೆಂದು ಯಾರೂ ಕೇಳಿರಲಿಲ್ಲ.

“ಎರಡನೇ ಸೀರಿ ಯಾರಿಗೆ ಹೋಗತದ, ಅತ್ಯಾ?”

ಗೋದಾಬಾಯಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. “ನದಿನೂ ಇಲ್ಲ, ಏನೂ ಇಲ್ಲ. ಹಾರ್ಮೋನಿಯಂ ಪೇಟಿ ಕಲಿಸೋ ಮಾಸ್ತರನ ಮ್ಯಾಲ ನಿಮ್ಮವ್ವಗ ಮನಸ್ಸಾತು, ಹೋದಳು. ಓಡಿ ಹೋದಳು ಅನ್ನೂದಕ್ಕಿಂತ ಸತ್ತಳು ಅನ್ನೂದು ನಿಮ್ಮಪ್ಪಗ ಹಗುರಾತು. ಮೂರು ವರ್ಷದ ಮ್ಯಾಲ ನನಗೊಂದು ಕಾಗದ ಬಂತು. ಒಂದ ಸಾಲು. ‘ನಲಿನಿ ಕೆಮ್ಮು ಹೋತೇನು?’ ಅಂತ. ಉತ್ತರಾ ಬರಿಯೋ ಧೈರ್ಯ ಆಗಲಿಲ್ಲ. ಸೀರಿ ಕಳಿಸಿದೆ. ಜೀವಂತ ಇದ್ದಾಕಿ ಶ್ರಾದ್ಧಕ್ಕ ಈ ಕೈಲೆ ಅಡಗಿ ಮಾಡೀನಿ, ಒಂದು ಸೀರಿನೂ ಕಳಸಬಾರದೇನು?”

“ಎಲ್ಲಿದ್ದಾಳ?”

“ಇಲ್ಲೇ, ಪಟಾನ್‌ಚೆರು.”

ಬಾಲಾನಗರದ ಕಾರ್ಖಾನೆಗೆ ಹೋಗುವ ನಲಿನಿ ಆ ಹೆಸರಿನ ಬೋರ್ಡನ್ನು ದಿನಾ ಬಸ್ಸಿನ ಹಣೆಯ ಮೇಲೆ ಓದುತ್ತಿದ್ದಳು. ಮೊದಲು ಸಿಟ್ಟು ಬಂತು, ಅಪ್ಪನ ಮೇಲೆ, ಅಮ್ಮನ ಮೇಲೆ, ಈ ಮುದುಕಿಯ ಮೇಲೂ. ಆಮೇಲೆ ಅತ್ತೆಯ ಮುಖ ನೋಡಿದಳು. ಇಪ್ಪತ್ತೊಂದು ವರ್ಷ ಈ ಮುಖ ಒಲೆಯ ಮುಂದೆ ಹೀಗೆಯೇ ಇತ್ತು. ಅದನ್ನು ಓದಲು ತಾನು ಹಿಮದ ದೇಶದ ಸಿನಿಮಾ ನೋಡಬೇಕಾಯಿತು.

ಗುರುವಾರ ನವಮಿ. ಅಪ್ಪ ಮಂತ್ರ ಹೇಳುತ್ತಿದ್ದರು, ಮುತ್ತೈದೆ ಮಣೆಯ ಮೇಲೆ ಕೂತಿದ್ದಳು. ಅತ್ತೆ ಹಿತ್ತಲ ಬಾಗಿಲಲ್ಲಿ ಎರಡನೇ ಸೀರೆಯನ್ನೂ ವಿಳಾಸದ ಚೀಟಿಯನ್ನೂ ನಲಿನಿಯ ಕೈಗಿಟ್ಟಳು. “ಈ ವರ್ಷ ಪೋಸ್ಟಿಗೆ ಹಾಕೂದಿಲ್ಲ. ಹೋಗು, ಇಲ್ಲಿ ನಾ ನೋಡಕೋತೀನಿ.”

ಪಟಾನ್‌ಚೆರುವಿನಲ್ಲಿ ಬಾಗಿಲು ತೆರೆದ ಹೆಂಗಸಿನ ಕೂದಲು ನರೆತಿತ್ತು. ಅವಳು ಮೊದಲು ಸೀರೆ ನೋಡಿದಳು, ಆಮೇಲೆ ಅದನ್ನು ಹಿಡಿದವಳ ಮುಖ. ನಲಿನಿ ತಂದಿದ್ದ ಕುಂಕುಮವನ್ನು ಅವಳ ಹಣೆಗೆ ಹಚ್ಚಿ, ಇಪ್ಪತ್ತೊಂದು ವರ್ಷ ಯಾರ್ಯಾರದೋ ಕಾಲಿಗೆ ಬಿದ್ದವಳು ಈಗ ಈ ಕಾಲಿಗೆ ಬಿದ್ದಳು.

ಯಮುನಾಬಾಯಿ ಎರಡೂ ಕೈಯಿಂದ ಅವಳ ಭುಜ ಹಿಡಿದು ಎಬ್ಬಿಸಿದಳು.

“ಕೆಮ್ಮು ಹೋತೇನವ್ವಾ?”