ನಾಯಿಯ ಪಾಲು

ಹೆಗ್ಗಣದ ಜಾತಿಯ ಕಾಡುಪ್ರಾಣಿ ಪಾಕಾದ ಹೊಟ್ಟೆ ಸೀಳಿ ಒಳಗೆ ಕೈ ಹಾಕಿದ ಲಿಂಡಾಲ್ವಾಗೆ ಬೆರಳಿಗೆ ಸಿಕ್ಕಿದ್ದು ಏನೆಂದು ನೋಡದೆಯೇ ಗೊತ್ತಾಯಿತು. ಈಲಿಯ ಮೇಲೆ ದ್ರಾಕ್ಷಿಯಷ್ಟು ದಪ್ಪದ ನೀರುಗುಳ್ಳೆಗಳು, ಮೂರೋ ನಾಲ್ಕೋ. ಅವಳು ಕೈಯನ್ನು ಹಾಗೇ ಒಳಗಿಟ್ಟುಕೊಂಡು ಕೂತಳು.

ಎರಡು ಮಾರು ಆಚೆ ನಾಯಿ ಸೆರೇನಾ ಬಾಲದಿಂದ ನದಿದಂಡೆಯ ಮಣ್ಣು ಗುಡಿಸುತ್ತಿತ್ತು. ಬೆಳಗ್ಗೆ ಈ ಪಾಕಾವನ್ನು ಬಿಲದಿಂದ ಎಬ್ಬಿಸಿದ್ದು ಅದೇ. ನಾಲ್ಕು ವರ್ಷದ ಮೊಮ್ಮಗಳು ನಯಾರಾ ಅದರ ಕೊರಳಿಗೆ ಕೈ ಹಾಕಿಕೊಂಡು ಕೂತಿದ್ದಳು.

"ಏನೇ, ಒಳಗೆ ಚಿನ್ನ ಸಿಕ್ತಾ?" ಗಂಡ ಒಸ್ಮಾರಿನೊ ಬಂದೂಕು ಒರೆಸುತ್ತ ಕೇಳಿದ. "ಮೊದ್ಲು ಸೆರೇನಾ ಪಾಲು ಕೊಡು. ಬಿಸಿ ಆರೋದ್ರೊಳಗೆ."

ಬೇಟೆನಾಯಿಯ ಪಾಲು ಹಸಿಯದೇ ಆಗಬೇಕು, ಅಲ್ಲೇ ಆಗಬೇಕು. ಇಲ್ಲವಾದರೆ ಅದರ ಮೂಗು ಮಂಕಾಗುತ್ತದೆ. ಬೇಟೆಗಾರ ಪನೆಮಾ ಆಗಿ, ಅಂದರೆ ಬೇಟೆಯ ಅದೃಷ್ಟ ಕೆಟ್ಟು, ತಿಂಗಳುಗಟ್ಟಲೆ ಬರಿಗೈಯಲ್ಲಿ ಮನೆಗೆ ಬರುತ್ತಾನೆ. ಲಿಂಡಾಲ್ವಾಳ ತಾಯಿ ಇದನ್ನು ನಂಬಿದ್ದಳು, ಇವಳೂ ನಂಬಿದ್ದಳು. ಈಲಿಯಲ್ಲಿ ಗುಳ್ಳೆ ಕಂಡರೆ ಯೋಚನೆಯೇ ಇರಲಿಲ್ಲ. ಮನೆಯವರ ತಟ್ಟೆಗೆ ಅದು ಬೀಳಬಾರದೆಂದು, ಉಳಿದ ಮಾಂಸಕ್ಕೆ ಒಂದು ಹನಿಯೂ ತಾಗದಂತೆ ಬಿಡಿಸಿ, ಅಷ್ಟನ್ನೂ ನಾಯಿಗೆ ಎಸೆಯುತ್ತಿದ್ದಳು. ಇಪ್ಪತ್ತೈದು ವರ್ಷ ಹೀಗೇ. ಇವಳಷ್ಟು ಚೊಕ್ಕವಾಗಿ ಪ್ರಾಣಿ ಬಿಡಿಸುವವರು ಈ ನದಿಯ ಮೇಲೆ ಬೇರೆ ಇಲ್ಲ ಎಂಬ ಹೆಸರಿತ್ತು.

ಕಂಬಗಳ ಮೇಲಿನ ಮನೆಯ ಜಗಲಿಯಿಂದ ಮಗಳು ಇವಾನೀಜಿ ನೋಡುತ್ತಿದ್ದಳು. ಇಪ್ಪತ್ತಾರು ವರ್ಷ. ಜೋಲಿಯಲ್ಲಿ ಮಲಗಿದ್ದರೂ ಹೊಟ್ಟೆ ಏಳು ತಿಂಗಳ ಬಸುರಿಯದಂತೆ ಎದ್ದು ಕಾಣುತ್ತಿತ್ತು. ಕಣ್ಣು ಹಳದಿ. ರಿಯೊ ಬ್ರಾಂಕೊದ ಆಸ್ಪತ್ರೆಯಿಂದ ಮೊನ್ನೆಯಷ್ಟೇ ದೋಣಿಯಲ್ಲಿ ಕರೆತಂದಿದ್ದರು. ಕೊಯ್ದು ತೆಗೆಯುವ ಕಾಲ ಮೀರಿತು ಎಂದಿದ್ದರು ಅಲ್ಲಿ. ಪಾಕಾ ಸಾರು ತಿನ್ನಬೇಕು, ಕಸ್ತಾನ್ಯಾ ಕಾಯಿಯ ಹಾಲು ಹಾಕಿದ್ದು, ಎಂದು ಅವಳು ಹೇಳಿದ್ದಕ್ಕೇ ಅಪ್ಪ ಕಾಡಿಗೆ ಹೋಗಿದ್ದು.

ಡಾಕ್ಟರು ಲಿಂಡಾಲ್ವಾಳೊಬ್ಬಳನ್ನೇ ಕೂರಿಸಿಕೊಂಡು ವಿವರಿಸಿದ್ದರು. ಆ ಗುಳ್ಳೆಯೊಳಗೆ ಹುಳುವಿನ ಮರಿಗಳಿರುತ್ತವೆ. ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಬೆಳೆಯುತ್ತವೆ. ನಾಯಿ ಹೇತಲ್ಲೆಲ್ಲ ಅದರ ಮೊಟ್ಟೆ. ಮಣ್ಣಿನಲ್ಲಿ, ನಾಯಿಯ ಕೂದಲಲ್ಲಿ, ಅಲ್ಲಿಂದ ಮಕ್ಕಳ ಕೈಗೆ, ಬಾಯಿಗೆ. ಆಮೇಲೆ ಹತ್ತು ಹದಿನೈದು ವರ್ಷ ಸದ್ದಿಲ್ಲದೆ ಮನುಷ್ಯರ ಈಲಿಯಲ್ಲೂ ಅದೇ ದ್ರಾಕ್ಷಿ. ಇನ್ನು ಮುಂದೆ ಚೆನ್ನಾಗಿ ಬೇಯಿಸಿ ಹಾಕಿ, ಇಲ್ಲವೇ ಆಳಕ್ಕೆ ಹೂತುಬಿಡಿ ಎಂದರು. ಕೊನೆಗೆ ಕಾಗದ ನೋಡಿಕೊಂಡು, "ನಾಯಿಗೆ ಹಾಕ್ತಿದ್ದಿದ್ದು ತಾನೇ ಅಂತ ನಿಮ್ಮ ಮಗಳು ಬರೆಸಿದಾಳೆ. ಸಣ್ಣ ಹುಡುಗಿ ಕೈಗೆ ಅದನ್ನೆಲ್ಲ ಯಾಕಮ್ಮ ಕೊಡ್ತಿದ್ರಿ?" ಎಂದು ಕೇಳಿದರು.

ಇವಾನೀಜಿ ಚಾಕು ಮುಟ್ಟಿದವಳೇ ಅಲ್ಲ. ಚಿಕ್ಕವಳಿದ್ದಾಗ ಸೆರೇನಾಳ ಅಜ್ಜಿನಾಯಿಯನ್ನು ಜೋಲಿಗೆ ಎಳೆದುಕೊಂಡು ಮಲಗುತ್ತಿದ್ದಳು, ಅಷ್ಟೇ. ಲಿಂಡಾಲ್ವಾ ಅದನ್ನು ಡಾಕ್ಟರಿಗೆ ಹೇಳಲಿಲ್ಲ. ತಲೆಯಾಡಿಸಿ ಎದ್ದು ಬಂದಳು. ಗಂಡನಿಗೂ ಇದಾವುದನ್ನೂ ಹೇಳಿರಲಿಲ್ಲ.

"ನಯಾರಾ, ನಾಯಿ ಬಿಟ್ಟು ಈ ಕಡೆ ಬಾ. ಕೈ ತೊಳ್ಕೋ."

"ಈಗ ತಾನೇ ತೊಳ್ಕೊಂಡೆ, ಅಜ್ಜಿ."

"ಮತ್ತೆ ತೊಳ್ಕೋ."

ಒಸ್ಮಾರಿನೊ ನಕ್ಕ. "ಪಟ್ಟಣಕ್ಕೆ ಹೋಗಿ ಬಂದ್ಮೇಲೆ ನಿಮ್ಮಜ್ಜಿ ಸೋಪಿನ ದೊರೆಸಾನಿ ಆಗ್ಬಿಟ್ಟಿದಾಳೆ, ಪುಟ್ಟಿ. ಕೊಡೇ ಇತ್ತ, ನಾನೇ ಹಾಕ್ತೀನಿ."

"ಮುಟ್ಬೇಡ."

ಅವನ ಕೈ ಅಲ್ಲೇ ನಿಂತಿತು. ಲಿಂಡಾಲ್ವಾ ಈಲಿಯನ್ನು ಹಳೆಯ ಪಾತ್ರೆಯೊಂದಕ್ಕೆ ಹಾಕಿ ಮುಚ್ಚಿದಳು. "ಬೇಯ್ಸಿ ಹಾಕ್ತೀನಿ."

"ಬೇಯ್ಸಿ? ನಾಯಿಗೆ? ಹಂಗಾದ್ರೆ ಒಂದು ತಟ್ಟೇನೂ ಇಡು, ಚಮಚಾನೂ ಇಡು. ನಾಳೆಯಿಂದ ಕಾಡಿಗೂ ನೀನೇ ಹೋಗು."

"ಬಿಡಪ್ಪ," ಮೇಲಿನಿಂದ ಇವಾನೀಜಿಯ ದನಿ ಬಂತು. "ಅಮ್ಮ ಮಾಡ್ಲಿ."

ಲಿಂಡಾಲ್ವಾ ಪಾತ್ರೆ ಹಿಡಿದು ಮೆಟ್ಟಿಲು ಹತ್ತಿದಳು. ಒಲೆಯ ಕಡೆ ಹೋಗಬೇಕಾದವಳು ಜೋಲಿಯ ಹತ್ತಿರ ನಿಂತಳು.

"ಡಾಕ್ಟರ ಹತ್ರ ನೀನು ಸುಳ್ಳು ಹೇಳ್ದೆ."

ಇವಾನೀಜಿ ಜೋಲಿಯ ಅಂಚು ಹಿಡಿದು ತಾಯಿಯ ಕಡೆ ತಿರುಗಿದಳು. "ಒಂದು ಹೆಸರು ಕೇಳಿದ್ರು ಕಣಮ್ಮ. ನಿನ್ನ ಹೆಸರು ಬರೆಸೋಕೆ ಬಾಯಿ ಬರ್ಲಿಲ್ಲ. ನಂದು ಹೆಂಗೂ ಕಾಗದದ ಮೇಲ್ಗಡೆ ಬರ್ದೇ ಇತ್ತು."

"ನಾನೇ ಹಾಕಿದ್ದು. ನಿಂಗೆ ತಾಗ್ಬಾರ್ದು ಅಂತಲೇ ಹಾಕಿದ್ದು."

"ಗೊತ್ತು. ನಾನು ಮೇಲಿಂದ ನೋಡ್ತಿರ್ಲಿಲ್ವಾ, ಎಷ್ಟು ಹುಷಾರಾಗಿ ಬಿಡಿಸ್ತಿದ್ದೆ ಅಂತ." ಅವಳು ಕಣ್ಣು ಮುಚ್ಚಿದಳು. "ಸಾರಿಗೆ ಇಡಮ್ಮ. ಹಸಿವಾಗ್ತಿದೆ."

ಮೆಟ್ಟಿಲ ಕೆಳಗೆ ಒಸ್ಮಾರಿನೊ ಕಂಬ ಹಿಡಿದು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಮೊಮ್ಮಗಳನ್ನು ಎತ್ತಿಕೊಂಡು ನೀರಿಗಿಳಿದ. ಅವಳ ಒಂದೊಂದೇ ಬೆರಳನ್ನು ಬಿಡಿಸಿ ತೊಳೆಯತೊಡಗಿದ.

ಮಧ್ಯಾಹ್ನ ಇವಾನೀಜಿ ಮರಗೆಣಸಿನ ಹುಡಿ ಕಲಸಿ ಎರಡು ಚಮಚ ಸಾರು ತಿಂದಳು. ಚೆನ್ನಾಗಿದೆ ಎಂದಳು. ಮೂರನೆಯದಕ್ಕೆ ಮುಖ ಆಚೆ ತಿರುಗಿಸಿದಳು.

ಹಳೆಯ ಪಾತ್ರೆ ಇನ್ನೂ ಒಲೆಯ ಮೇಲಿತ್ತು. ಈಲಿ ಮುರುಟಿ, ಬೂದಿ ಬಣ್ಣಕ್ಕೆ ತಿರುಗಿ, ಕಲ್ಲಿನ ಹಾಗೆ ತಳಕ್ಕೆ ಬಡಿಯುತ್ತಿತ್ತು. ಚೆನ್ನಾಗಿ ಬೇಯಿಸುವುದೆಂದರೆ ಎಷ್ಟು ಹೊತ್ತು ಎಂದು ಲಿಂಡಾಲ್ವಾ ಡಾಕ್ಟರನ್ನು ಕೇಳಿರಲಿಲ್ಲ. ಸೆರೇನಾ ಹೊಸ್ತಿಲಲ್ಲಿ ಮುಂಗಾಲಿನ ಮೇಲೆ ಗಲ್ಲವಿಟ್ಟು ಪಾತ್ರೆಯನ್ನೇ ನೋಡುತ್ತಿತ್ತು.

"ಇನ್ನೂ ಆಗಿಲ್ವಾ, ಅಜ್ಜಿ?"

"ಇಲ್ಲ," ಎಂದು ಲಿಂಡಾಲ್ವಾ ಇನ್ನೊಂದು ಚೆಂಬು ನೀರು ಹೊಯ್ದು ಸೌದೆ ಒಳಗೆ ತಳ್ಳಿದಳು.